ನಾಚಿ ಜಲಪಾತಕ್ಕೆ ಮೂರು ದಿನ ಕೊಡಿ

ಪ್ರಶ್ನೆ: ನವೆಂಬರ್ ಮೂರನೇ ವಾರ ನಾವು ನಾಲ್ಕು ಜನ ಜಪಾನಿಗೆ ಹೋಗುತ್ತಿದ್ದೇವೆ. ನಾನು, ನನ್ನ ಗಂಡ, ಹತ್ತು ವರ್ಷದ ಮಗ, ನನ್ನ ಅಮ್ಮ. ಟೋಕಿಯೊ, ಕ್ಯೋಟೊ ಮುಗಿದ ಮೇಲೆ ಮೂರು ದಿನ ಕೈಯಲ್ಲಿರುತ್ತದೆ. ಹಳ್ಳಿ ಕಡೆ ಹೋಗಿ ಜಲಪಾತ ನೋಡಬೇಕು ಅಂತ ಆಸೆ. ಕೆಗೊನ್, ಫುಕುರೊದಾ, ಶಿರಾಯಿತೊ, ತಕಾಚಿಹೊ, ನಾಚಿ ಅಂತ ಐದು ಹೆಸರು ಬರೆದಿಟ್ಟುಕೊಂಡಿದ್ದೇನೆ. ಮೂರು ದಿನದಲ್ಲಿ ಎಷ್ಟು ನೋಡಬಹುದು? ಅಮ್ಮನಿಗೆ 67 ವರ್ಷ, ಮಂಡಿ ನೋವಿದೆ. ನಾವು ಸಸ್ಯಾಹಾರಿಗಳು, ಮಗ ಮಾತ್ರ ಮೊಟ್ಟೆ ತಿನ್ನುತ್ತಾನೆ. ಅಲ್ಲಿ ಕಾರು ಓಡಿಸುವ ಧೈರ್ಯ ನಮಗಿಲ್ಲ.

ಉತ್ತರ: ಒಂದೇ ಒಂದು ನೋಡಿ. ಅದು ನಾಚಿ ಆಗಲಿ.

ನಿಮ್ಮ ಐದು ಹೆಸರುಗಳನ್ನು ಒಮ್ಮೆ ಮ್ಯಾಪಿನಲ್ಲಿ ಗುರುತು ಹಾಕಿ ನೋಡಿ. ಕೆಗೊನ್ ಇರುವುದು ಟೋಕಿಯೊದ ಉತ್ತರಕ್ಕೆ, ನಿಕ್ಕೊ ಬೆಟ್ಟಗಳಲ್ಲಿ. ಫುಕುರೊದಾ ಇಬಾರಾಕಿ ಪ್ರಾಂತದಲ್ಲಿ. ಶಿರಾಯಿತೊ ಫುಜಿ ಬೆಟ್ಟದ ಬುಡದಲ್ಲಿ. ತಕಾಚಿಹೊ ದೂರದ ಕ್ಯೂಶೂ ದ್ವೀಪದಲ್ಲಿ. ನಾಚಿ ಕೀ ಪರ್ಯಾಯ ದ್ವೀಪದ ದಕ್ಷಿಣದ ಅಂಚಿನಲ್ಲಿ. ಶಿಂಕಾನ್ಸೆನ್ ಬುಲೆಟ್ ರೈಲಿನ ವೇಗ ನೋಡಿ ಜಪಾನ್ ಪೂರ್ತಿ ಹತ್ತಿರ ಹತ್ತಿರ ಇದೆ ಅಂತ ನಮಗೆ ಅನಿಸಿಬಿಡುತ್ತದೆ. ಆದರೆ ಆ ವೇಗ ಇರುವುದು ದೊಡ್ಡ ಊರುಗಳ ನಡುವೆ. ಜಲಪಾತದ ಹಳ್ಳಿಗೆ ಹೋಗಲು ಎರಡು ಬೋಗಿಯ ರೈಲು, ಅದಾದ ಮೇಲೆ ಅಪರೂಪಕ್ಕೊಮ್ಮೆ ಬರುವ ಬಸ್ಸು. ಮೂರು ದಿನದಲ್ಲಿ ಮೂರು ಜಲಪಾತ ಅಂತ ಹೊರಟರೆ ಅಮ್ಮನಿಗೆ ನೆನಪಿರುವುದು ಸ್ಟೇಷನ್ನಿನ ಮೆಟ್ಟಿಲುಗಳು ಮಾತ್ರ.

ನಾಚಿ ಯಾಕೆ ಅಂದರೆ, ಅಲ್ಲಿ ಜಲಪಾತವೇ ದೇವರು. ಇದು ಮಾತಿಗೆ ಹೇಳುವ ಅಲಂಕಾರ ಅಲ್ಲ. ಜಲಪಾತದ ಬುಡದಲ್ಲಿ ಹಿರೊ ಅನ್ನುವ ಶಿಂಟೊ ಗುಡಿ ಇದೆ. ಶಿಂಟೊ ಅಂದರೆ ಜಪಾನಿನ ಮೂಲ ಧರ್ಮ. ಗುಡಿ ಅಂದರೂ ಅಲ್ಲಿ ಗರ್ಭಗುಡಿ ಇಲ್ಲ, ಮೂರ್ತಿ ಇಲ್ಲ. ಒಂದು ತೋರಿ ದ್ವಾರ, ಅದರ ಮುಂದೆ ಕೋಲಿಗೆ ಸಿಕ್ಕಿಸಿ ಮಡಚಿದ ಚಿನ್ನದ ಬಣ್ಣದ ಪಟ್ಟಿಗಳು, ಅದರ ಹಿಂದೆ ನೀರು. ಜನ ಬರುತ್ತಾರೆ, ಎರಡು ಸಲ ಬಗ್ಗುತ್ತಾರೆ, ಎರಡು ಸಲ ಚಪ್ಪಾಳೆ ತಟ್ಟುತ್ತಾರೆ, ಮತ್ತೊಮ್ಮೆ ಬಗ್ಗುತ್ತಾರೆ. ಎದುರಿಗಿರುವುದು ಬೀಳುತ್ತಿರುವ ನೀರು ಮಾತ್ರ. ನಿಮ್ಮ ಅಮ್ಮನಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ನಾನು ಕರೆದುಕೊಂಡು ಹೋದ ಹಿರಿಯರೆಲ್ಲ ಅಲ್ಲಿ ಯಾರೂ ಹೇಳದೆ ತಾವೇ ಕೈ ಮುಗಿದಿದ್ದಾರೆ.

ನಾಚಿಯ ಎತ್ತರ 133 ಮೀಟರ್. ಒಂದೇ ಜಿಗಿತದಲ್ಲಿ ಬೀಳುವ ಜಲಪಾತಗಳಲ್ಲಿ ಜಪಾನಿನಲ್ಲಿ ಇದೇ ಎತ್ತರದ್ದು. ತೊಯಾಮಾದ ಶೋಮ್ಯೊ 350 ಮೀಟರ್ ಇದೆ, ಆದರೆ ಅದು ನಾಲ್ಕು ಹಂತದಲ್ಲಿ ಇಳಿಯುತ್ತದೆ. ಮಳೆಗಾಲದ ಜೋಗ ನೋಡಿದ ಕಣ್ಣಿಗೆ ನಾಚಿ ಸಣ್ಣದಾಗಿಯೇ ಕಾಣುತ್ತದೆ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ನೀರು ಬೀಳುವ ಅಂಚಿನ ಅಗಲ ಬರೀ 13 ಮೀಟರ್. ಸ್ವಲ್ಪ ಹೊತ್ತು ನಿಂತು ಮೇಲೆ ನೋಡಿ. ಬಂಡೆಯ ಅಂಚಿನಲ್ಲಿ ಮೂರು ಕಚ್ಚುಗಳಿವೆ. ನೀರು ಅಲ್ಲಿ ಮೂರು ಎಳೆಯಾಗಿ ಹೊರಟು, ಕೆಳಗೆ ಬರುತ್ತಾ ಒಂದಾಗುತ್ತದೆ. ಅದಕ್ಕಿಂತ ಮೇಲೆ, ಎರಡು ಬದಿಯ ಬಂಡೆಗಳಿಗೆ ಅಡ್ಡಲಾಗಿ ಭತ್ತದ ಹುಲ್ಲಿನಲ್ಲಿ ಹೊಸೆದ ಹಗ್ಗ ಕಟ್ಟಿರುತ್ತಾರೆ. ಇದರಿಂದಾಚೆಗೆ ದೇವರ ಜಾಗ ಅಂತ ಅದರ ಅರ್ಥ. ವರ್ಷಕ್ಕೆ ಎರಡು ಸಲ, ಜುಲೈ 9 ಮತ್ತು ಡಿಸೆಂಬರ್ 27ಕ್ಕೆ, ಬಿಳಿ ಬಟ್ಟೆ ಉಟ್ಟ ಪೂಜಾರಿಗಳು ಜಲಪಾತದ ತಲೆಯ ಮೇಲೇ ಹೋಗಿ ಹಗ್ಗ ಬದಲಾಯಿಸುತ್ತಾರೆ. ಬೇರೆಯವರು ಹತ್ತುವ ಹಾಗಿಲ್ಲ. 2012ರಲ್ಲಿ ಮೂವರು ಬಂಡೆ ಹತ್ತುವವರು ಪ್ರಯತ್ನ ಮಾಡಿ ಪೊಲೀಸರ ಕೈಗೆ ಸಿಕ್ಕಿಬಿದ್ದರು.

ಇಲ್ಲಿ ನೀರು ವರ್ಷಪೂರ್ತಿ ನಿಲ್ಲದೆ ಇರುವುದಕ್ಕೆ ಹಿಂದಿನ ಕಾಡೇ ಕಾರಣ. ಕಾಡು ಉಳಿದ ಕಥೆಯಲ್ಲಿ ಒಬ್ಬ ನಿಸರ್ಗ ವಿಜ್ಞಾನಿಯ ಹೆಸರು ಬರುತ್ತದೆ, ಮಿನಕಾತಾ ಕುಮಾಗುಸು. 1867ರಲ್ಲಿ ಹುಟ್ಟಿದವರು. ಲಂಡನ್ನಿನಿಂದ ವಾಪಸ್ ಬಂದು ಇದೇ ನಾಚಿ ಕಾಡಿನಲ್ಲಿ ಮೂರು ವರ್ಷದ ಹತ್ತಿರ ಅಣಬೆ, ಪಾಚಿ, ಲೋಳೆ ಶಿಲೀಂಧ್ರ ಹುಡುಕುತ್ತಾ ಕಳೆದರು. 1906ರಲ್ಲಿ ಸರ್ಕಾರ ಊರೂರಿನ ಸಣ್ಣ ಗುಡಿಗಳನ್ನು ಒಂದರೊಳಗೊಂದು ಸೇರಿಸಿಬಿಡಿ ಅಂತ ಆದೇಶ ಹೊರಡಿಸಿತು. ಗುಡಿ ಹೋದಲ್ಲಿ ಅದರ ಕಾಡಿಗೂ ಕೊಡಲಿ ಬಿತ್ತು. ಕುಮಾಗುಸು ಪತ್ರಿಕೆಗಳಿಗೆ ಬರೆದರು, ವಿದ್ವಾಂಸರಿಗೆ ಉದ್ದುದ್ದ ಪತ್ರ ಹಾಕಿದರು. 1910ರಲ್ಲಿ ಒಂದು ಸಭೆಗೆ ನುಗ್ಗಿ ಗಲಾಟೆ ಮಾಡಿ ಜೈಲಿಗೂ ಹೋಗಿ ಬಂದರು. ಕೊನೆಗೆ ಆ ನೀತಿ ನಿಂತಿತು. ನಮ್ಮ ಕೊಡಗಿನ ದೇವರಕಾಡಿನ ಬಗ್ಗೆ ಗೊತ್ತಿರುವವರಿಗೆ ಅವರ ಸಿಟ್ಟು ಚೆನ್ನಾಗಿ ಅರ್ಥವಾಗುತ್ತದೆ. ಗುಡಿಯ ಹೆಸರು ತೆಗೆದರೆ ಮರ ಉಳಿಯುವುದಿಲ್ಲ. ಈ ಕಾಡಿನಲ್ಲಿ ಹೆಚ್ಚಿನವು ಎಲೆ ಉದುರಿಸದ ಮರಗಳು. ಆದ್ದರಿಂದ ನವೆಂಬರಿನಲ್ಲೂ ಇಲ್ಲಿ ಕ್ಯೋಟೊದ ಹಾಗೆ ಕೆಂಪು ಎಲೆ ತುಂಬಿರುತ್ತದೆ ಅಂತ ಅಂದುಕೊಳ್ಳಬೇಡಿ. ಹಸಿರೇ ಜಾಸ್ತಿ.

ಈಗ ದಾರಿ. ಕ್ಯೋಟೊದಿಂದ ಶಿನ್-ಒಸಾಕಾಗೆ ಬನ್ನಿ. ಅಲ್ಲಿಂದ ಕುರೊಶಿಯೊ ಎಕ್ಸ್‌ಪ್ರೆಸ್ ಹತ್ತಿದರೆ ಸುಮಾರು ನಾಲ್ಕು ಗಂಟೆಯಲ್ಲಿ ಕೀ-ಕತ್ಸುಉರಾ ಸ್ಟೇಷನ್. ಬಲಗಡೆ ಸೀಟು ಕೇಳಿ, ಸಮುದ್ರ ಆ ಕಡೆ ಸಿಗುತ್ತದೆ. ಕುಶಿಮೊತೊ ದಾಟಿದ ಮೇಲೆ ಹಾಶಿಗುಇ ಅನ್ನುವ ಕಡಿದಾದ ಕಲ್ಲುಗಳು ಸೇತುವೆಯ ಕಂಬಗಳ ಹಾಗೆ ಸಮುದ್ರದೊಳಗೆ ಸಾಲಾಗಿ ನಿಂತಿರುವುದು ಕಿಟಕಿಯಿಂದಲೇ ಕಾಣುತ್ತದೆ. ನಿಮ್ಮಲ್ಲಿ ಜೆಆರ್ ಪಾಸ್ (ಪ್ರವಾಸಿಗರ ರೈಲು ಪಾಸ್) ಇದ್ದರೆ ಈ ರೈಲಿಗೆ ಅದು ನಡೆಯುತ್ತದೆ. ನಾಗೊಯಾ ಕಡೆಯಿಂದ ಬರುವ ನಾಂಕಿ ಎಕ್ಸ್‌ಪ್ರೆಸ್ಸೂ ಇದೆ, ಆದರೆ ನಡುವೆ ಒಂದು ತುಂಡು ದಾರಿ ಬೇರೆ ಕಂಪನಿಯದು. ಅದಕ್ಕೆ ಬೇರೆ ದುಡ್ಡು ಕೊಡಬೇಕು. ದೊಡ್ಡ ಸೂಟ್‌ಕೇಸ್‌ಗಳನ್ನು ಜೊತೆಗೆ ಒಯ್ಯಬೇಡಿ. ಕ್ಯೋಟೊದ ಹೋಟೆಲಿನ ಕೌಂಟರಿನಲ್ಲಿ ತಕ್ಯುಬಿನ್ ಅಂತ ಹೇಳಿದರೆ ಸಾಕು, ಮುಂದಿನ ಒಸಾಕಾ ಹೋಟೆಲಿಗೆ ಅವರೇ ಕಳಿಸಿಕೊಡುತ್ತಾರೆ. ಒಬ್ಬರಿಗೊಂದು ಸಣ್ಣ ಬ್ಯಾಗ್ ಇದ್ದರೆ ಮಾತ್ರ ಈ ಊರುಗಳ ಬಸ್ಸು ಸುಖ.

ಮೊದಲ ರಾತ್ರಿ ಕತ್ಸುಉರಾದಲ್ಲೇ ಉಳಿಯಿರಿ. ಅದು ಟ್ಯೂನಾ ಮೀನಿನ ಬಂದರು. ಬೆಳಗ್ಗೆ ಹರಾಜು ನಡೆಯುತ್ತದೆ, ಅದು ನಿಮಗೆ ಬೇಡ ಅನಿಸಬಹುದು. ಬಂದರಿನ ಪಕ್ಕ ಬಿಸಿನೀರಿನ ಬುಗ್ಗೆಯಲ್ಲಿ ಕಾಲು ಇಳಿಬಿಟ್ಟು ಕೂರುವ ಪುಕ್ಕಟೆ ಜಾಗ ಇದೆ. ನಾಲ್ಕು ಗಂಟೆ ರೈಲಿನಲ್ಲಿ ಕೂತ ಮಂಡಿಗೆ ಅದಕ್ಕಿಂತ ಒಳ್ಳೆಯದಿಲ್ಲ.

ಎರಡನೇ ದಿನ ಬೆಳಗ್ಗೆ ಬೇಗ ಹೊರಡಿ. ಟೂರ್ ಬಸ್ಸುಗಳು ಬರುವ ಮುಂಚೆ ಅಲ್ಲಿರಬೇಕು. ಸ್ಟೇಷನ್ ಮುಂದಿನಿಂದ ನಾಚಿಗೆ ಬಸ್ಸು, ಅರ್ಧ ಗಂಟೆಯ ದಾರಿ. ಬಸ್ಸು ಹತ್ತುವಾಗ ಬಾಗಿಲ ಬಳಿಯ ಪುಟ್ಟ ಡಬ್ಬಿಯಿಂದ ಒಂದು ಚೀಟಿ ಹೊರಗೆ ಬರುತ್ತದೆ. ಅದರ ಮೇಲೆ ಒಂದು ನಂಬರ್ ಇರುತ್ತದೆ, ನಾಲ್ಕೂ ಜನ ಒಂದೊಂದು ತೆಗೆದುಕೊಳ್ಳಿ. ಡ್ರೈವರ್ ತಲೆಯ ಮೇಲಿನ ಬೋರ್ಡಿನಲ್ಲಿ ಆ ನಂಬರಿನ ಕೆಳಗೆ ದರ ಬದಲಾಗುತ್ತಾ ಹೋಗುತ್ತದೆ. ಇಳಿಯುವಾಗ ಅಲ್ಲಿ ತೋರಿಸಿದಷ್ಟನ್ನು ಚೀಟಿಯ ಜೊತೆ ಡ್ರೈವರ್ ಪಕ್ಕದ ಡಬ್ಬಿಗೆ ಹಾಕಬೇಕು. ಚಿಲ್ಲರೆ ಹಿಂದೆ ಬರುವುದಿಲ್ಲ. ಸಾವಿರ ಯೆನ್ ನೋಟನ್ನು ಅದೇ ಡಬ್ಬಿಯಲ್ಲಿ ಮೊದಲೇ ಚಿಲ್ಲರೆ ಮಾಡಿಸಿಕೊಳ್ಳಿ. ಮಗನಿಗೆ ಈ ಕೆಲಸ ವಹಿಸಿ, ಅವನಿಗೆ ಖಂಡಿತ ಇಷ್ಟವಾಗುತ್ತದೆ.

ಇಲ್ಲಿ ನಿಮ್ಮ ಗುಂಪು ಎರಡಾಗಲಿ. ನಿಮ್ಮ ಯಜಮಾನರು ಮತ್ತು ಮಗ ದಾಯ್‌ಮೊನ್‌ಜಾಕಾ ಸ್ಟಾಪಿನಲ್ಲಿ ಇಳಿಯಲಿ. ಅದು ಕುಮಾನೊ ಕೊದೊ ಅನ್ನುವ ಹಳೆಯ ಯಾತ್ರೆಯ ದಾರಿಯ ಒಂದು ತುಂಡು. ಆರು ನೂರು ಮೀಟರ್ ಉದ್ದ, 267 ಕಲ್ಲಿನ ಮೆಟ್ಟಿಲು. ಶುರುವಿನಲ್ಲೇ ದಾರಿಯ ಆಚೆ ಈಚೆ ಎರಡು ದೊಡ್ಡ ಸುಗಿ (ಜಪಾನಿನ ದೇವದಾರು ಜಾತಿಯ) ಮರಗಳಿವೆ, ಅವನ್ನು ಗಂಡ ಹೆಂಡತಿ ಮರ ಅನ್ನುತ್ತಾರೆ. ಮೇಲೆ ಹೋಗುತ್ತಾ ಎರಡೂ ಕಡೆ ನೂರಾರು ವರ್ಷದ ಮರಗಳು. ಕಲ್ಲಿನ ಮೇಲೆ ಪಾಚಿ ಇರುತ್ತದೆ, ಮಳೆ ಬಂದರೆ ಜಾರುತ್ತದೆ. ಅಡಿ ಸವೆದ ಶೂ ಬೇಡ.

ನೀವು ಮತ್ತು ಅಮ್ಮ ಬಸ್ಸಿನಲ್ಲೇ ಮುಂದೆ ಹೋಗಿ, ನಾಚಿ-ನೊ-ತಾಕಿ-ಮಾಏ ಸ್ಟಾಪಿನಲ್ಲಿ ಇಳಿಯಿರಿ. ಜಲಪಾತದ ಮುಂದೆ ಅಂತಲೇ ಅದರ ಅರ್ಥ. ಅಲ್ಲಿಂದ ಮರಗಳ ನಡುವೆ ಕೆಳಗೆ ನೂರಕ್ಕೂ ಜಾಸ್ತಿ ಮೆಟ್ಟಿಲು ಇಳಿಯಬೇಕು. ಅಗಲವಾದ ಒರಟು ಕಲ್ಲುಗಳು. ಇಳಿಯುವುದು ಮಂಡಿಗೆ ಹತ್ತುವುದಕ್ಕಿಂತ ಕಷ್ಟ ಅಲ್ವಾ, ಅದಕ್ಕೆ ಒಂದು ಮಡಚುವ ಕೋಲು ಊರಿಂದಲೇ ಒಯ್ಯಿರಿ. ನಿಧಾನಕ್ಕೆ ಇಳಿದರೆ ಹತ್ತು ನಿಮಿಷ. ಸದ್ದು ಮೊದಲು ಕೇಳುತ್ತದೆ, ಆಮೇಲೆ ಮರಗಳ ಸಂದಿಯಲ್ಲಿ ಬಿಳಿ ಗೆರೆ, ಆಮೇಲೆ ಪೂರ್ತಿ. ಇಷ್ಟು ನೋಡಲು ಟಿಕೆಟ್ ಇಲ್ಲ. ಇನ್ನೂ ಹತ್ತಿರದ ಕಟ್ಟೆಗೆ ಹೋಗಲು ಮಾತ್ರ ಸ್ವಲ್ಪ ಕಾಣಿಕೆ ಕೊಡಬೇಕು. ಕೊಡಿ, ಹೋಗಿ. ದಾರಿಯಲ್ಲಿ ಡ್ರ್ಯಾಗನ್ ಬಾಯಿಂದ ಜಲಪಾತದ ನೀರು ಬೀಳುತ್ತಿರುತ್ತದೆ. ತೀರ್ಥದ ಬಟ್ಟಲಿನಷ್ಟೇ ಸಣ್ಣ ಬಿಳಿ ಬಟ್ಟಲಿನಲ್ಲಿ ಅದನ್ನು ಕುಡಿಯುತ್ತಾರೆ, ಆಯಸ್ಸು ಹೆಚ್ಚುತ್ತದೆ ಅನ್ನುವ ನಂಬಿಕೆ. ಕಟ್ಟೆಯ ಮೇಲೆ ನಿಂತಾಗ ಕನ್ನಡಕದ ಗಾಜಿನ ಮೇಲೆ ಸಣ್ಣ ಹನಿ ಕೂರಲು ಶುರುವಾಗುತ್ತದೆ. ಅಲ್ಲಿ ಫೋಟೋ ಬೇಗ ಮುಗಿಸಿ, ಅಮ್ಮನ ಜೊತೆ ಸುಮ್ನೆ ನಿಲ್ಲಿ.

ಮೇಲಿನ ಗುಡ್ಡದಲ್ಲಿ ಕುಮಾನೊ ನಾಚಿ ತಾಯ್‌ಶಾ ಶಿಂಟೊ ಗುಡಿ, ಅದರ ಪಕ್ಕದಲ್ಲೇ ಸೇಗಾಂತೊ-ಜಿ ಬೌದ್ಧ ದೇವಸ್ಥಾನ. ಸಾವಿರ ವರ್ಷ ಎರಡೂ ಒಂದೇ ಆಗಿದ್ದವು. 1868ರ ನಂತರ ಸರ್ಕಾರ ಶಿಂಟೊ ಬೇರೆ, ಬೌದ್ಧ ಬೇರೆ ಅಂತ ಕಡ್ಡಾಯ ಮಾಡಿದಾಗ ಬೇರೆಯಾದವು. ಇಂದೂ ಎರಡರ ನಡುವೆ ಒಂದು ಗೇಟು ಅಷ್ಟೇ. ಅಂಗಡಿ ಬೀದಿಯಿಂದ ಗುಡಿಗೆ 467 ಮೆಟ್ಟಿಲು. ಅಮ್ಮನಿಗೆ ಅದು ಬೇಡ. ವಾಹನ ಮೇಲಿನವರೆಗೆ ಹೋಗುವ ಸುಂಕದ ರಸ್ತೆ ಇದೆ, ಟ್ಯಾಕ್ಸಿ ಮಾಡಿ. ಸೇಗಾಂತೊ-ಜಿಯ ಈಗಿನ ಮರದ ಕಟ್ಟಡ 1590ರದು, ಆಗ ಜಪಾನನ್ನು ಆಳುತ್ತಿದ್ದ ತೊಯೊತೊಮಿ ಹಿದೆಯೋಶಿ ಕಟ್ಟಿಸಿದ್ದು. ಕ್ಯಾಲೆಂಡರ್‌ಗಳಲ್ಲಿ ಕಾಣುವ, ಕೆಂಪು ಮೂರಂತಸ್ತಿನ ಪಗೋಡದ ಹಿಂದೆ ಜಲಪಾತ ಇರುವ ಫೋಟೋ ಸಿಗುವುದು ಇಲ್ಲೇ. ಆ ಪಗೋಡ 1972ರಲ್ಲಿ ಮತ್ತೆ ಕಟ್ಟಿದ್ದು.

ಈ ದೇವಸ್ಥಾನಕ್ಕೂ ನಮ್ಮ ಕಡೆಗೂ ಒಂದು ನಂಟಿದೆ. ಇದನ್ನು ಶುರು ಮಾಡಿದ್ದು ಭಾರತದಿಂದ ಸಮುದ್ರದಲ್ಲಿ ತೇಲಿ ಬಂದ ರಗ್ಯೊ ಅನ್ನುವ ಸನ್ಯಾಸಿ, ಅವನಿಗೆ ಜಲಪಾತದ ಗುಂಡಿಯಲ್ಲಿ ಕಾನ್ನೊನ್ ಮೂರ್ತಿ ಸಿಕ್ಕಿತು ಅಂತ ಸ್ಥಳಪುರಾಣ ಹೇಳುತ್ತದೆ. ಕಾನ್ನೊನ್ ಅಂದರೆ ಅವಲೋಕಿತೇಶ್ವರ. ಮಂಗಳೂರಿನ ಕದ್ರಿ ದೇವಸ್ಥಾನದಲ್ಲಿ ಕ್ರಿ.ಶ. 968ರ ಲೋಕೇಶ್ವರನ ಕಂಚಿನ ಮೂರ್ತಿ ಇದೆಯಲ್ಲ, ಅದೂ ಅವನದೇ ರೂಪ ಅನ್ನುತ್ತಾರೆ. ಬಸ್ಸಿನಲ್ಲಿ ವಾಪಸ್ ಬರುವಾಗ ನಾಚಿ ಸ್ಟೇಷನ್ ಹತ್ತಿರ ಇಳಿಯಿರಿ. ಕೆಲವೇ ನಿಮಿಷ ನಡೆದರೆ ಫುದರಾಕುಸಾನ್-ಜಿ ಸಿಗುತ್ತದೆ. ಫುದರಾಕು ಅಂದರೆ ಪೊತಲಕ, ಅವಲೋಕಿತೇಶ್ವರನ ಬೆಟ್ಟ. ಅದು ದಕ್ಷಿಣ ಭಾರತದಲ್ಲಿದೆ ಅಂತ ಹ್ಯುಯೆನ್ ತ್ಸಾಂಗ್ ಬರೆದಿದ್ದಾನೆ. ನಾಚಿಯ ಕೆಲವು ಸನ್ಯಾಸಿಗಳು ಆ ಬೆಟ್ಟವನ್ನು ಹುಡುಕಿಕೊಂಡು ಒಂದು ಪುಟ್ಟ ದೋಣಿಯ ಗೂಡಿನೊಳಗೆ ಕೂತು, ಬಾಗಿಲಿಗೆ ಮೊಳೆ ಹೊಡೆಸಿಕೊಂಡು, ದಕ್ಷಿಣದ ಸಮುದ್ರಕ್ಕೆ ಹೊರಟುಬಿಡುತ್ತಿದ್ದರು. ತಿರುಗಿ ಬರುವ ಪ್ರಯಾಣ ಅಲ್ಲ ಅದು. ಮೊದಲನೆಯದು 868ರಲ್ಲಿ ಅಂತ ದಾಖಲೆ ಇದೆ, ಆಮೇಲೆ ಶತಮಾನಗಳ ಕಾಲ ಇಪ್ಪತ್ತಕ್ಕೂ ಹೆಚ್ಚು ಸಲ ನಡೆಯಿತು. ಆ ದೋಣಿಯ ಮಾದರಿಯನ್ನು ದೇವಸ್ಥಾನದ ಅಂಗಳದಲ್ಲಿ ಇಟ್ಟಿದ್ದಾರೆ. ಗೂಡಿನ ನಾಲ್ಕು ಕಡೆ ನಾಲ್ಕು ಕೆಂಪು ತೋರಿ. ಒಳಗೆ ಒಬ್ಬ ಮನುಷ್ಯ ಮಂಡಿ ಮಡಚಿ ಕೂರುವಷ್ಟೇ ಜಾಗ. ನಾಚಿಗೆ ಬರುವವರಲ್ಲಿ ಹೆಚ್ಚಿನವರು ಇದನ್ನು ನೋಡದೆ ಹೋಗುತ್ತಾರೆ. ಅವರು ಮನಸ್ಸಿನಲ್ಲಿಟ್ಟುಕೊಂಡು ಹೊರಟ ದಿಕ್ಕು ನಮ್ಮದು. ನೀವು ತಪ್ಪಿಸಬೇಡಿ.

ಮಧ್ಯಾಹ್ನ ರೈಲಿನಲ್ಲಿ ಶಿಂಗೂಗೆ ಹೋಗಿ, ಅಲ್ಲಿಂದ ಬೆಟ್ಟದೊಳಗಿನ ಯುನೊಮಿನೆ ಹಳ್ಳಿಗೆ ಬಸ್ಸು. ಒಂದು ಗಂಟೆ ಅಥವಾ ಸ್ವಲ್ಪ ಜಾಸ್ತಿ. ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಈ ಬಸ್ಸುಗಳು ಸಂಜೆ ಬೇಗ ನಿಂತುಹೋಗುತ್ತವೆ, ನವೆಂಬರಿನಲ್ಲಿ ಐದು ಗಂಟೆಗೆಲ್ಲ ಕತ್ತಲು. ನಾನೊಮ್ಮೆ ಕೊನೆಯ ಬಸ್ಸು ತಪ್ಪಿಸಿಕೊಂಡು ಬೆಟ್ಟದ ದಾರಿಗೆ ಟ್ಯಾಕ್ಸಿ ಮಾಡಿದೆ, ರಾತ್ರಿಯ ಕೋಣೆಗಿಂತ ಟ್ಯಾಕ್ಸಿಗೇ ಜಾಸ್ತಿ ಖರ್ಚಾಯಿತು. ಹೊರಡುವ ಮೊದಲೇ ಬಸ್ಸಿನ ಹೊತ್ತುಗಳನ್ನು ಕಾಗದದ ಮೇಲೆ ಬರೆದುಕೊಳ್ಳಿ. ವಾರದ ದಿನಕ್ಕೂ ರಜಾ ದಿನಕ್ಕೂ ವೇಳಾಪಟ್ಟಿ ಬೇರೆ ಇರಬಹುದು.

ಯುನೊಮಿನೆ ಅಂದರೆ ಒಂದು ತೊರೆ, ಅದರ ಎರಡು ದಡದಲ್ಲಿ ಕೆಲವು ಮನೆ, ಗಾಳಿಯಲ್ಲಿ ಗಂಧಕದ ವಾಸನೆ. ತೊರೆಯ ಪಕ್ಕ ಯುಜುತ್ಸು ಅನ್ನುವ ಕಲ್ಲಿನ ತೊಟ್ಟಿ ಇದೆ. ನೆಲದಿಂದ ಬರುವ ನೀರು ಸುಮಾರು 90 ಡಿಗ್ರಿ ಬಿಸಿ. ಹತ್ತಿರದ ಅಂಗಡಿಯಲ್ಲಿ ಮೊಟ್ಟೆ, ಗೆಣಸನ್ನು ಬಲೆಯ ಚೀಲದಲ್ಲಿ ಹಾಕಿ ಕೊಡುತ್ತಾರೆ. ಚೀಲದ ದಾರವನ್ನು ತೊಟ್ಟಿಯ ಅಂಚಿಗೆ ಕಟ್ಟಿ ಬಿಟ್ಟರೆ ಮಗನ ಮೊಟ್ಟೆ ಕಾಲು ಗಂಟೆಯೊಳಗೆ ಬೇಯುತ್ತದೆ. ನಿಮ್ಮ ಗೆಣಸಿಗೆ ಇನ್ನೂ ಸ್ವಲ್ಪ ತಾಳ್ಮೆ ಬೇಕು. ಸಿಪ್ಪೆ ತೆಗೆದರೆ ಒಳಗೆ ಹಳದಿ, ಹಬೆಯಾಡುತ್ತಿರುತ್ತದೆ. ನಾಲ್ಕು ಹರಳು ಉಪ್ಪು ಹಾಕಿಕೊಂಡು ಕಟ್ಟೆಯ ಮೇಲೆ ಕೂತು ತಿನ್ನಿ.

ಅಲ್ಲೇ ತೊರೆಯ ನಡುವೆ ಮರದ ಪುಟ್ಟ ಗುಡಿಸಲು ಇದೆ, ಅದರೊಳಗೆ ತ್ಸುಬೊಯು. ಇಬ್ಬರೋ ಮೂವರೋ ಹಿಡಿಸುವ ಬಂಡೆಯ ಗುಂಡಿ. ಯಾತ್ರಿಕರು ಗುಡಿಗೆ ಹೋಗುವ ಮೊದಲು ಮೈ ಶುದ್ಧ ಮಾಡಿಕೊಳ್ಳುತ್ತಿದ್ದ ಜಾಗ ಇದು. ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಬಿಸಿನೀರಿನ ಸ್ನಾನ. ಕೀ ಬೆಟ್ಟಗಳ ಯಾತ್ರಾ ದಾರಿಗಳು 2004ರಲ್ಲಿ ಆ ಪಟ್ಟಿಗೆ ಸೇರಿದವು, ನಾಚಿಯೂ ಅದರಲ್ಲೇ ಬರುತ್ತದೆ. ಜಪಾನಿನ ಸ್ನಾನದ ಮನೆಗಳಲ್ಲಿ ಬಟ್ಟೆ ಇಲ್ಲದೆ ಎಲ್ಲರ ಜೊತೆ ಇಳಿಯಬೇಕು ಅಂತ ನಮ್ಮ ಹೆಂಗಸರು ಹಿಂಜರಿಯುತ್ತಾರೆ. ತ್ಸುಬೊಯುವಿನಲ್ಲಿ ಆ ತೊಂದರೆ ಇಲ್ಲ. ಸರದಿಯ ನಂಬರ್ ಕೊಡುತ್ತಾರೆ, ಅರ್ಧ ಗಂಟೆ ಅದು ನಿಮ್ಮದೇ, ಒಳಗಿನಿಂದ ಬಾಗಿಲು ಹಾಕಿಕೊಳ್ಳಬಹುದು. ನೀವು ಮತ್ತು ಅಮ್ಮ ಒಂದು ಸರದಿ ತೆಗೆದುಕೊಳ್ಳಿ. ನೀರು ತುಂಬಾ ಬಿಸಿ ಇದ್ದರೆ ಪಕ್ಕದ ತಣ್ಣೀರು ಬೆರೆಸಿಕೊಳ್ಳಿ. ಅಮ್ಮನಿಗೆ ಬಿಪಿ ಇದ್ದರೆ ಐದು ನಿಮಿಷಕ್ಕಿಂತ ಹೆಚ್ಚು ಕೂರಿಸಬೇಡಿ.

ಮೂರನೇ ದಿನ ಹೊಂಗು ತಾಯ್‌ಶಾ ಗುಡಿ. ಅಲ್ಲಿಗೆ 158 ಮೆಟ್ಟಿಲು. ಅಮ್ಮ ಹತ್ತದಿದ್ದರೂ ಚಿಂತೆಯಿಲ್ಲ, ನನಗೆ ಹೆಚ್ಚು ಇಷ್ಟವಾದದ್ದು ಕೆಳಗಿನ ಒಯುನೊಹಾರಾ. ನದಿ ದಡದ ಬಯಲು, ಪೂರ್ತಿ ಸಮತಟ್ಟು. ಗುಡಿ ಮೊದಲು ಇದ್ದದ್ದೇ ಅಲ್ಲಿ. 1889ರ ಪ್ರವಾಹದಲ್ಲಿ ಬಹುಪಾಲು ಕೊಚ್ಚಿಹೋಯಿತು, ಉಳಿದದ್ದನ್ನು ಮೇಲಕ್ಕೆ ಸಾಗಿಸಿದರು. ಈಗ ಬಯಲಿನ ಬಾಯಲ್ಲಿ 34 ಮೀಟರಿನಷ್ಟು ಎತ್ತರದ ತೋರಿ ಇದೆ, 2000ದಲ್ಲಿ ನಿಲ್ಲಿಸಿದ್ದು. ಸುತ್ತ ಗದ್ದೆಗಳು. ಅಲ್ಲಿಂದ ತಾನಾಬೆಗೆ ಎರಡು ಗಂಟೆ ಬಸ್ಸು, ಮತ್ತೆ ಕುರೊಶಿಯೊ, ಸಂಜೆಗೆ ಒಸಾಕಾ. ಮಾರನೇ ದಿನ ಬೆಳಗ್ಗೆಯೇ ಬೆಂಗಳೂರಿನ ವಿಮಾನ ಇಟ್ಟುಕೊಳ್ಳಬೇಡಿ. ಜೋರು ಮಳೆ ಬಂದರೆ ಈ ಕರಾವಳಿಯ ರೈಲು ನಿಲ್ಲಿಸುತ್ತಾರೆ.

ಊಟದ ವಿಷಯಕ್ಕೆ ಬರುತ್ತೇನೆ. ಕಷ್ಟ ಇದೆ, ಆದರೆ ಪರಿಹಾರವೂ ಇದೆ. ಅಲ್ಲಿ ಕಣ್ಣಿಗೆ ಮೀನು ಕಾಣದ ಅಡುಗೆಯಲ್ಲೂ ದಾಶಿ ಇರುತ್ತದೆ. ಒಣಗಿಸಿದ ಕತ್ಸುಒ ಮೀನಿನ ತಿಳಿಸಾರು ಅದು. ತರಕಾರಿ ಪಲ್ಯ, ತೋಫು, ನೂಡಲ್ಸ್, ಎಲ್ಲದರ ಬುಡದಲ್ಲೂ ಅದೇ. ಕೋಣೆ ಬುಕ್ ಮಾಡುವಾಗಲೇ ಬರೆದು ತಿಳಿಸಿ: ನಿಕು, ಸಕಾನಾ, ಕತ್ಸುಒ ದಾಶಿ ಬೇಡ, ಕೊಂಬು ದಾಶಿ ಆಗಬಹುದು. ನಿಕು ಅಂದರೆ ಮಾಂಸ, ಸಕಾನಾ ಮೀನು, ಕೊಂಬು ಸಮುದ್ರದ ಸೊಪ್ಪು. ಸಂಜೆ ಹೋಗಿ ಬಾಗಿಲಲ್ಲಿ ನಿಂತು ಹೇಳಿದರೆ ಅವರಿಗೂ ಏನೂ ಮಾಡಲಾಗುವುದಿಲ್ಲ. ಅಷ್ಟರಲ್ಲಿ ಅಡುಗೆ ಮುಗಿದಿರುತ್ತದೆ. ಒಪ್ಪದಿದ್ದರೆ ಊಟವಿಲ್ಲದೆ ಕೋಣೆ ಮಾತ್ರ ತೆಗೆದುಕೊಳ್ಳಿ. ಈ ಸೀಮೆಯ ತಿಂಡಿ ಮೆಹಾರಿ-ಜುಶಿ, ಉಪ್ಪಿನಲ್ಲಿ ಹಾಕಿಟ್ಟ ಸಾಸಿವೆ ಜಾತಿಯ ಸೊಪ್ಪಿನಲ್ಲಿ ಸುತ್ತಿದ ಅನ್ನದ ಉಂಡೆ. ಕಾಡಿಗೆ ಕೆಲಸಕ್ಕೆ ಹೋಗುವವರ ಬುತ್ತಿ ಅದು. ಒಳಗೆ ಏನಿದೆ ಅಂತ ಕೇಳಿ ತಿನ್ನಿ. ನಾಚಿ ಇರುವ ವಾಕಾಯಾಮಾ ಪ್ರಾಂತ ಉಮೆ ಕಾಯಿಯ ಉಪ್ಪಿನಕಾಯಿಗೆ ಹೆಸರುವಾಸಿ, ಬಿಸಿ ಅನ್ನಕ್ಕೆ ಒಂದು ಉಮೆಬೊಶಿ ಸಾಕು, ಅಮ್ಮನಿಗೆ ಊರಿನ ನೆನಪು ಬರುವಷ್ಟು ಹುಳಿ. ಅದರಲ್ಲೂ ಕತ್ಸುಒ ಬೆರೆಸಿದ ಬಗೆ ಇದೆ, ಬರೀ ಉಪ್ಪಿನದನ್ನು ಆರಿಸಿ. ಅವಲಕ್ಕಿ, ಚಟ್ನಿಪುಡಿ, ಬಿಸಿನೀರು ಹಾಕಿದರೆ ಆಗುವ ಉಪ್ಪಿಟ್ಟು ಬ್ಯಾಗಿನಲ್ಲಿರಲಿ. ಕೋಣೆಯಲ್ಲಿ ಬಿಸಿನೀರಿನ ಕೆಟಲ್ ಸಾಮಾನ್ಯವಾಗಿ ಇರುತ್ತದೆ. ಹಸಿ ಕರಿಬೇವು, ಹಣ್ಣು ಒಯ್ಯಬೇಡಿ, ಏರ್‌ಪೋರ್ಟಿನಲ್ಲಿ ತೆಗೆದಿಡುತ್ತಾರೆ.

ಮಳೆ ಬಂದರೆ ಏನು ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಈ ಸೀಮೆ ಜಪಾನಿನಲ್ಲೇ ಅತಿ ಹೆಚ್ಚು ಮಳೆ ಬೀಳುವ ಜಾಗಗಳಲ್ಲಿ ಒಂದು. ನವೆಂಬರಿನಲ್ಲಿ ಸಾಮಾನ್ಯವಾಗಿ ತಿಳಿ ಆಕಾಶ, ನೀರು ತೆಳು. ಒಂದು ದಿನ ಮಳೆ ಬಂದು ಬಿಟ್ಟರೆ ಅದು ನಿಮ್ಮ ಅದೃಷ್ಟ, ಮೂರು ಎಳೆ ಒಂದೇ ಪರದೆಯಾಗುತ್ತದೆ. ಆದರೆ ಫೋನಿಗೆ ಮಳೆಯ ಎಚ್ಚರಿಕೆ ಬಂದರೆ ಕಣಿವೆ ಕಡೆ ಹೋಗಬೇಡಿ. 2011ರ ಸೆಪ್ಟೆಂಬರಿನ ಚಂಡಮಾರುತದಲ್ಲಿ ಇದೇ ನಾಚಿ ಹೊಳೆ ಉಕ್ಕಿ, ಗುಡ್ಡ ಕುಸಿದು, ಹಲವರು ಪ್ರಾಣ ಕಳೆದುಕೊಂಡರು. ಹೋಟೆಲಿನವರು ಇವತ್ತು ಬೇಡ ಅಂದರೆ ಅವರ ಮಾತು ಕೇಳಿ.

ಅಮ್ಮನ ಮಂಡಿ ಆ ಹೊತ್ತಿಗೆ ತೀರಾ ಕೆಟ್ಟಿದ್ದರೆ ಮಾತ್ರ ಯೋಜನೆ ಬದಲಾಯಿಸಿ, ಟೋಕಿಯೊದಲ್ಲಿದ್ದಾಗಲೇ ನಿಕ್ಕೊಗೆ ಹೋಗಿ ಕೆಗೊನ್ ನೋಡಿ. 97 ಮೀಟರಿನ ಜಲಪಾತ, ಅದರ ಬುಡದ ಹತ್ತಿರಕ್ಕೆ ಬಂಡೆಯೊಳಗಿನಿಂದ ಲಿಫ್ಟ್ ಇಳಿಯುತ್ತದೆ. ಫುಕುರೊದಾಕ್ಕೂ ಸುರಂಗದೊಳಗೆ ನಡೆದು ಎದುರಿಗೇ ತಲುಪಬಹುದು. ಅಮ್ಮ ನೂರು ಮೆಟ್ಟಿಲು ನಿಧಾನಕ್ಕೆ ಇಳಿಯಬಲ್ಲರು ಅಂದರೆ ನಾಚಿಯನ್ನೇ ಇಟ್ಟುಕೊಳ್ಳಿ. ಯುನೊಮಿನೆಯಲ್ಲಿ ಕೋಣೆಗಳು ತೀರಾ ಕಡಿಮೆ, ಯಾತ್ರೆ ನಡೆಯುವವರೆಲ್ಲ ಅಲ್ಲೇ ಉಳಿಯುತ್ತಾರೆ. ರೈಲು, ಬಸ್ಸು ಎಲ್ಲ ಆಮೇಲೆ ನೋಡಿಕೊಳ್ಳಬಹುದು, ಆ ಒಂದು ರಾತ್ರಿಯ ಕೋಣೆಯನ್ನು ಈ ವಾರವೇ ಹುಡುಕಿ.